ಹಳೆಯ ಸೇನಾ ಟ್ರೇಲರ್‌ನ ಬ್ರೇಕ್ ಭಾಗಗಳು ಕಲಬುರಗಿ ಕಡೆ ಸಿಗಬಹುದೇ?

ಪ್ರಶ್ನೆ: ಆಳಂದದ ಜೀಪು

ಎಲ್ಲರಿಗೂ ಶರಣು. ಸೇನೆಯಿಂದ ಹರಾಜಿನಲ್ಲಿ ಹೊರಬಂದ, ಒಂದು ಟನ್ ಹೊರುವ, ಎರಡು ಗಾಲಿಯ ಹಳೆಯ ಸರಕು ಟ್ರೇಲರ್ ಒಂದನ್ನು ಗುಜರಿ ವ್ಯಾಪಾರಿಯೊಬ್ಬರಿಂದ ಕೊಂಡಿದ್ದೇನೆ. ಚಾಸಿ, ಆಕ್ಸಲ್ ಮತ್ತು ಸ್ಪ್ರಿಂಗ್ ಪಟ್ಟಿಗಳು ಈಗಿನ ಗಾಡಿಗಳಲ್ಲಿ ಕಾಣಸಿಗದಷ್ಟು ಗಟ್ಟಿಯಾಗಿವೆ. ಔಷಧಿ ಸಿಂಪಡಣೆಯ ದಿನಗಳಲ್ಲಿ ಹೊಲಕ್ಕೆ ನೀರಿನ ಟ್ಯಾಂಕ್ ಒಯ್ಯಲು ಮತ್ತು ಸುಗ್ಗಿಯಲ್ಲಿ ತೊಗರಿ ಚೀಲಗಳನ್ನು ಕಲಬುರಗಿಯ ಎಪಿಎಂಸಿಗೆ ಸಾಗಿಸಲು ಇದನ್ನು ಮಹೀಂದ್ರಾ ಜೀಪಿಗೆ ಕಟ್ಟಿ ಬಳಸಬೇಕೆಂಬುದು ನನ್ನ ಉದ್ದೇಶ.

ತೊಂದರೆ ಇರುವುದು ಬ್ರೇಕಿನಲ್ಲಿ. ಮುಂದಿನ ಕೊಂಡಿಯ ಉಂಗುರವನ್ನು ಒಳಗೆ ತಳ್ಳಿದರೆ ಒಂದು ಲಿವರ್ ಅಲುಗಿ ಸಣ್ಣ ಮಾಸ್ಟರ್ ಸಿಲಿಂಡರನ್ನು ಒತ್ತುವ ವ್ಯವಸ್ಥೆ ಇದೆ, ಅಲ್ಲಿಂದ ಎರಡೂ ಗಾಲಿಗಳಿಗೆ ಪೈಪ್ ಹೋಗಿದೆ. ಹ್ಯಾಂಡ್ ಬ್ರೇಕ್ ಬೇರೆಯಾಗಿ ತಂತಿಯ ಮೂಲಕ ಕೆಲಸ ಮಾಡುತ್ತದೆ. ಡ್ರಮ್ ಬಿಚ್ಚಿ ನೋಡಿದಾಗ ಎಡಗಡೆಯ ಲೈನರ್ (ಬ್ರೇಕ್ ಶೂವಿನ ಮೇಲೆ ಕೂತು ಡ್ರಮ್ಮಿಗೆ ಉಜ್ಜುವ ಪಟ್ಟಿ) ಸವೆದು ರಿವೆಟ್ ಹೊರಗೆ ಬಂದಿತ್ತು, ಬಲಗಡೆಯ ವೀಲ್ ಸಿಲಿಂಡರ್ (ಆಯಿಲ್ ಒತ್ತಡದಿಂದ ಶೂಗಳನ್ನು ಡ್ರಮ್ಮಿಗೆ ಒತ್ತುವ ಭಾಗ) ತುಕ್ಕು ಹಿಡಿದು ಬಿಗಿದುಕೊಂಡಿತ್ತು. ಬಿಡಿಭಾಗದ ಅಂಗಡಿಗೆ ಹೋದರೆ ಮೊದಲ ಮಾತೇ ‘ಯಾವ ಗಾಡಿ, ಯಾವ ಮಾಡೆಲ್’ ಎಂಬುದು. ತಯಾರಕರ ಫಲಕವನ್ನು ಯಾರೋ ಕಿತ್ತುಹಾಕಿರುವುದರಿಂದ ಅದಕ್ಕೆ ನನ್ನ ಬಳಿ ಉತ್ತರವಿಲ್ಲ.

ಒಬ್ಬ ಮಿಸ್ತ್ರಿಯವರು ‘ಟ್ರ್ಯಾಕ್ಟರ್ ಟ್ರಾಲಿಗಳಿಗೆ ಬ್ರೇಕ್ ಎಲ್ಲಿದೆ, ಇದಕ್ಕೂ ತೆಗೆದುಬಿಡಿ’ ಎಂದರು. ಇನ್ನೊಬ್ಬರು ಜೀಪಿನ ಬ್ರೇಕ್ ಪೈಪಿಗೇ ಒಂದು ಟೀ (T ಆಕಾರದ ಕವಲು) ಹಾಕಿ ಟ್ರೇಲರ್‌ಗೆ ಎಳೆದುಕೊಡುತ್ತೇನೆ ಎಂದರು. ಎರಡೂ ನನಗೆ ಸರಿ ಎನಿಸಲಿಲ್ಲ. ಕಲಬುರಗಿ, ಬೀದರ್ ಸುತ್ತಮುತ್ತಲಲ್ಲಿ ಇಂಥ ಭಾಗಗಳನ್ನು ಹುಡುಕಿದ ಅನುಭವ ಇರುವವರು ದಯವಿಟ್ಟು ದಾರಿ ತೋರಿಸಬೇಕು.

ಉತ್ತರ: ನೌಬಾದ್ ಲೇತ್, ಬೀದರ್

ಶರಣು ಸರ್. ನೀವು ಟ್ರೇಲರ್‌ನ ಹೆಸರನ್ನು ಹುಡುಕುವುದನ್ನು ಸದ್ಯಕ್ಕೆ ಬದಿಗಿಟ್ಟು ಅಳತೆಗಳನ್ನು ಹುಡುಕಿರಿ. ಟ್ರೇಲರ್ ಕಟ್ಟುವವರು ಬ್ರೇಕನ್ನು ತಾವೇ ತಯಾರಿಸುವುದು ಅಪರೂಪ. ಆ ಕಾಲದ ಜೀಪು, ಲಾರಿಗಳಿಗೆ ಬ್ರೇಕ್ ಕೊಡುತ್ತಿದ್ದ ಕಾರ್ಖಾನೆಗಳಿಂದಲೇ ತಂದು ಜೋಡಿಸುತ್ತಿದ್ದರು. ಹೀಗಾಗಿ ಸೇನೆಯ ಹಸಿರು ಬಣ್ಣದ ಕೆಳಗೆ ಇರುವುದು ಬಹುಪಾಲು ಪೇಟೆಯ ಸಾಮಾನ್ಯ ಅಳತೆಯ ಸರಕೇ ಆಗಿರುತ್ತದೆ, ಅಂಗಡಿಯವರಿಗೆ ಮಾಡೆಲ್ ಹೆಸರಿನ ಬದಲು ಅಳತೆ ಹೇಳಿದರೆ ಅವರೇ ಡಬ್ಬಿ ತೆಗೆದು ನಿಮ್ಮ ಮುಂದಿಡುತ್ತಾರೆ.

ವೀಲ್ ಸಿಲಿಂಡರಿನ ಒಳವ್ಯಾಸವನ್ನು ವರ್ನಿಯರ್‌ನಿಂದ ನೋಡಿ. ಹಳೆಯ ಬ್ರೇಕುಗಳಲ್ಲಿ ಅದು ಸಾಮಾನ್ಯವಾಗಿ 19.05, 22.2, 25.4 ಅಥವಾ 28.6 ಮಿ.ಮೀ. ಇರುತ್ತದೆ, ಅಂದರೆ ಮುಕ್ಕಾಲು ಇಂಚು, ಏಳು ಎಂಟಾಂಶ, ಒಂದು, ಒಂದೂ ಒಂದು ಎಂಟಾಂಶ ಇಂಚು. ಒಳಗಿನ ರಬ್ಬರ್ ವಾಷರಿನ ಬೆನ್ನಿನ ಮೇಲೂ ಅನೇಕ ವೇಳೆ ಅಳತೆ ಅಚ್ಚಾಗಿರುತ್ತದೆ, ಕೊಳೆ ಒರೆಸಿ ಬೆಳಕಿಗೆ ಹಿಡಿದು ನೋಡಿರಿ. ಈ ನಾಲ್ಕರಲ್ಲಿ ಒಂದಾಗಿದ್ದರೆ ವಾಷರ್ ಕಿಟ್ಟಿಗಾಗಿ ನೀವು ಕಲಬುರಗಿ ದಾಟುವ ಅಗತ್ಯವೇ ಬೀಳಲಾರದು. ಸಿಲಿಂಡರಿನ ಒಳಗೋಡೆಯಲ್ಲಿ ತುಕ್ಕು ಮೇಲುಮೇಲಿದ್ದರೆ ಹೋನ್ ಮಾಡಿದರೆ, ಅಂದರೆ ಒಳಗೋಡೆಯನ್ನು ಸಾಣೆಕಲ್ಲಿನಿಂದ ಉಜ್ಜಿ ನಯ ಮಾಡಿದರೆ, ಹೋಗುತ್ತದೆ. ಉಗುರಿಗೆ ಸಿಕ್ಕುವಂಥ ಗುಳಿಗಳಿದ್ದರೆ ಹೋನ್ ಮಾಡಿ ದೊಡ್ಡದು ಮಾಡುವುದು ಬೇಡ. ಬೋರ್ ಮಾಡಿಸಿ ಹಿತ್ತಾಳೆ ಅಥವಾ ಸ್ಟೇನ್‌ಲೆಸ್ ಸ್ಟೀಲ್ ಸ್ಲೀವ್ (ಒಳಕೊಳವೆ) ಹೊಡೆಸಿ ಮೂಲ ಅಳತೆಗೇ ತರಬೇಕು.

ಇಲ್ಲಿ ಒಂದು ವಿಷಯದಲ್ಲಿ ಪಟ್ಟು ಬಿಡಬೇಡಿ. ಒಂದು ಕಡೆ 25.4 ಸಿಗಲಿಲ್ಲವೆಂದು 22.2ರ ಸಿಲಿಂಡರ್ ಹಾಕಿ ಕಳಿಸುವವರಿದ್ದಾರೆ. ಒತ್ತುವ ಬಲವು ವ್ಯಾಸದ ಮೇಲಲ್ಲ, ಅದರ ವರ್ಗದ ಮೇಲೆ ನಿಂತಿರುವುದರಿಂದ ಆ ಸಣ್ಣ ವ್ಯತ್ಯಾಸದಿಂದಲೇ ಆ ಗಾಲಿಯ ಬಲ ಸುಮಾರು ಶೇ 23ರಷ್ಟು ಕಡಿಮೆಯಾಗಿ, ಬ್ರೇಕ್ ಹಿಡಿದಾಗಲೆಲ್ಲ ಟ್ರೇಲರ್ ಇನ್ನೊಂದು ಬದಿಗೆ ಎಳೆಯುತ್ತದೆ. ಬದಲಿಸುವುದೇ ಆದರೆ ಎರಡೂ ಕಡೆ ಒಟ್ಟಿಗೆ ಬದಲಿಸಬೇಕು.

ಬ್ರೇಕ್ ಶೂಗಳನ್ನು ಹೊಸದಾಗಿ ಹುಡುಕಬೇಡಿ, ಹಳೆಯ ಕಬ್ಬಿಣದ ಶೂಗಳು ಬಾಗಿಲ್ಲದಿದ್ದರೆ ಅವುಗಳಿಗೇ ಹೊಸ ಲೈನರ್ ಹೊಡೆಸಿರಿ. ಲಾರಿಗಳಿಗೆ ಲೈನರ್ ಹಾಕುವ ಅಂಗಡಿಗಳು ಕಲಬುರಗಿ, ಹುಮನಾಬಾದ್, ಬೀದರ್ ಎಲ್ಲ ಕಡೆಯೂ ಇವೆ. ಲೈನರ್ ಪಟ್ಟಿಯನ್ನು ಶೂವಿನ ಅಗಲಕ್ಕೆ ಕತ್ತರಿಸಿ, ರಿವೆಟ್ ತಲೆಗಳು ಒಳಗೆ ಕೂರುವಂತೆ ತೂತು ಕೊರೆದು, ನಡುವಿನಿಂದ ಆರಂಭಿಸಿ ಎರಡೂ ತುದಿಗಳ ಕಡೆಗೆ ರಿವೆಟ್ ಬಡಿಯುತ್ತಾ ಹೋಗಬೇಕು. ತುದಿಯಿಂದ ಆರಂಭಿಸಿದರೆ ನಡುವೆ ಲೈನರ್ ಉಬ್ಬಿ ಶೂವಿಗೂ ಅದಕ್ಕೂ ಸಂದು ಉಳಿಯುತ್ತದೆ. ಅಂಥ ಲೈನರ್ ಬಿಸಿಯಾದಾಗ ಸೀಳುತ್ತದೆ.

ಹಳೆಯ ಲೈನರಿನ ಪುಡಿಯನ್ನು ಗಾಳಿ ಹೊಡೆದು ಹಾರಿಸಬೇಡಿ. ಆ ಕಾಲದ ಲೈನರ್‌ಗಳಲ್ಲಿ ಕಲ್ನಾರು ಇರುವ ಸಾಧ್ಯತೆ ಹೆಚ್ಚು, ಅದರ ಧೂಳು ಶ್ವಾಸಕೋಶಕ್ಕೆ ಹೋದರೆ ಮರಳಿ ಬರುವುದಿಲ್ಲ. ನೀರು ಚಿಮುಕಿಸಿ, ಒದ್ದೆ ಬಟ್ಟೆಯಿಂದ ಒರೆಸಿ, ಆ ಬಟ್ಟೆಯನ್ನು ಚೀಲದಲ್ಲಿ ಕಟ್ಟಿ ಎಸೆಯಿರಿ.

ಡ್ರಮ್ಮಿನ ಒಳವ್ಯಾಸವನ್ನು ಕನಿಷ್ಠ ಮೂರು ಕಡೆ ಅಳೆದು, ಲೈನರಿನ ಅಗಲ ಮತ್ತು ಗಾಲಿ ಬೋಲ್ಟುಗಳ ಸಂಖ್ಯೆ, ಅಂತರಗಳ ಜೊತೆಗೆ ಇಲ್ಲಿ ಹಾಕಿರಿ. ಬೋಲ್ಟು ಐದಿದ್ದರೆ ನಡುವೆ ಒಂದನ್ನು ಬಿಟ್ಟು ಎರಡು ಬೋಲ್ಟುಗಳ ಕೇಂದ್ರದಿಂದ ಕೇಂದ್ರಕ್ಕೆ ಅಳೆದು 0.951ರಿಂದ ಭಾಗಿಸಿದರೆ ಬೋಲ್ಟು ವೃತ್ತದ ವ್ಯಾಸ ಸಿಗುತ್ತದೆ. ಅದು 139.7 ಮಿ.ಮೀ. ಬಂದರೆ ಜೀಪಿನ ಗಾಲಿಗಳೇ ಕೂರುತ್ತವೆ ಎಂದು ತಿಳಿಯಬಹುದು.

ಉತ್ತರ: ನಿವೃತ್ತ ಇಎಂಇ, ಸುರಪುರ

ನೌಬಾದಿನವರು ಹೇಳಿದ್ದು ಸರಿಯಾಗಿದೆ. ನಾನು ಸೇನೆಯ ವಾಹನ ದುರಸ್ತಿಯ ವಿಭಾಗದಲ್ಲಿ ಇದ್ದವನು, ಆದ್ದರಿಂದ ಗುರುತು ಹಿಡಿಯುವ ವಿಷಯದಲ್ಲಿ ಎರಡು ಮಾತು ಸೇರಿಸುತ್ತೇನೆ. ಟ್ರೇಲರ್‌ನ ಹಿಂದಿನ ಹಲಗೆ ಮತ್ತು ಮುಂದಿನ ಮೂತಿಯ ಮೇಲಿನ ಬಣ್ಣವನ್ನು ಸಣ್ಣ ಎಮರಿ ಕಾಗದದಿಂದ ನಿಧಾನವಾಗಿ ಉಜ್ಜಿದರೆ ಕೆಳಗಿನ ಪದರದಲ್ಲಿ ಹಳೆಯ ಸಂಖ್ಯೆ ಕಾಣಿಸಬಹುದು. ಸೇನೆಯ ವಾಹನ ಸಂಖ್ಯೆಯಲ್ಲಿ ಮೇಲ್ಮುಖದ ಬಾಣದ ನಂತರ ಬರುವ ಎರಡು ಅಂಕಿಗಳು ಅದನ್ನು ಪಡೆದುಕೊಂಡ ವರ್ಷವನ್ನು ಹೇಳುತ್ತವೆ. ವರ್ಷ ತಿಳಿದರೆ ಇಂಚಿನ ಕಾಲದ ಗಾಡಿಯೇ ಮೆಟ್ರಿಕ್ ಕಾಲದ್ದೇ ಎಂಬ ಅಂದಾಜಾದರೂ ಆಗುತ್ತದೆ, ಪೈಪಿನ ನಟ್ಟುಗಳನ್ನು ಕೊಳ್ಳುವಾಗ ಅದು ನಿಮಗೆ ಬೇಕಾಗುತ್ತದೆ. ಯಾವುದಾದರೂ ಭಾಗದ ಮೇಲೆ 13 ಅಂಕಿಗಳ ಸ್ಟಾಕ್ ಸಂಖ್ಯೆ ಕಂಡರೆ ಹಾಗೆಯೇ ಬರೆದುಕೊಳ್ಳಿ. ಮೊದಲ ನಾಲ್ಕು ಅಂಕಿಗಳು ವರ್ಗವನ್ನು ಸೂಚಿಸುತ್ತವೆ: ಬ್ರೇಕ್, ಸ್ಟಿಯರಿಂಗ್, ಆಕ್ಸಲ್, ಗಾಲಿಯ ಭಾಗಗಳಿಗೆ 2530, ಇಡೀ ಟ್ರೇಲರ್‌ಗೆ 2330. ಪೂರ್ತಿ ಸಂಖ್ಯೆ ಸಿಕ್ಕರೆ ಹೊರದೇಶದ ಮಾರಾಟಗಾರರ ಪಟ್ಟಿಗಳಲ್ಲಿಯೂ ಅದನ್ನೇ ಹಾಕಿ ಹುಡುಕಬಹುದು.

ನಿಮ್ಮ ಟ್ರೇಲರ್‌ನದು ಓವರ್‌ರನ್ ಬ್ರೇಕ್. ಜೀಪು ವೇಗ ಕಡಿಮೆ ಮಾಡಿದಾಗ ಟ್ರೇಲರ್ ತನ್ನ ಭಾರದಿಂದಲೇ ಮುಂದಕ್ಕೆ ನುಗ್ಗಿ, ಆ ನೂಕಿನಿಂದಲೇ ತನ್ನ ಬ್ರೇಕನ್ನು ತಾನು ಹಿಡಿದುಕೊಳ್ಳುತ್ತದೆ. ಆದ್ದರಿಂದ ಗಾಲಿಗಳನ್ನು ಎಷ್ಟೇ ಚೆನ್ನಾಗಿ ಮಾಡಿಸಿದರೂ ಮುಂದಿನ ಜಾರುವ ದಂಡ ಬುಷ್ಷಿನೊಳಗೆ ತುಕ್ಕು ಹಿಡಿದು ನಿಂತಿದ್ದರೆ ಎಲ್ಲವೂ ವ್ಯರ್ಥ. ಅದನ್ನು ಪೂರ್ತಿ ಬಿಚ್ಚಿ, ದಂಡ ಸವೆದಿದ್ದರೆ ವೆಲ್ಡಿಂಗ್ ತುಂಬಿ ಲೇತಿನಲ್ಲಿ ಟರ್ನ್ ಮಾಡಿಸಿ, ಗನ್ ಮೆಟಲ್ ಬುಷ್ಷುಗಳನ್ನು ಹೊಸದಾಗಿ ಹಾಕಿಸಿ. ಗ್ರೀಸ್ ನಿಪ್ಪಲ್‌ಗಳ ತೂತು ಮುಚ್ಚಿಹೋಗಿದೆಯೇ ನೋಡಿ. ಒಳಗೆ ಡ್ಯಾಂಪರ್ (ನೂಕನ್ನು ಮೆದುಗೊಳಿಸುವ ಭಾಗ) ಇದ್ದು ಅದು ಸತ್ತಿದ್ದರೆ ಪ್ರತಿ ಗುಂಡಿಗೂ ಬ್ರೇಕ್ ಹಿಡಿದು ಬಿಡುತ್ತಾ ಜೀಪನ್ನು ಹಿಂದಿನಿಂದ ಗುದ್ದುತ್ತದೆ; ನಮ್ಮ ರಸ್ತೆಗಳಲ್ಲಿ ಅದು ಎಷ್ಟು ಬಾರಿ ಎಂದು ಹೇಳಬೇಕಾಗಿಲ್ಲ. ಹಿಂದಕ್ಕೆ ಸರಿಸುವಾಗ ಇದೇ ನೂಕು ಬ್ರೇಕ್ ಹಿಡಿಸುವುದರಿಂದ ಹಳೆಯ ಟ್ರೇಲರ್‌ಗಳಲ್ಲಿ ಮೂತಿಯ ಮೇಲೆ ಕೈಯಿಂದ ಮಡಚುವ ಒಂದು ಲಾಕ್ ಇರುತ್ತದೆ. ಅದು ಮುರಿದು ಯಾರೋ ಅಲ್ಲಿ ವೆಲ್ಡಿಂಗ್ ಮಾಡಿದ್ದರೆ ಕೂಡಲೇ ಬಿಡಿಸಬೇಕು, ಏಕೆಂದರೆ ಆ ವೆಲ್ಡಿಂಗ್ ಇರುವವರೆಗೆ ಮುಂದಕ್ಕೆ ಹೋಗುವಾಗಲೂ ಬ್ರೇಕ್ ಕೆಲಸ ಮಾಡುವುದಿಲ್ಲ.

ಬ್ರೇಕ್ ಆಯಿಲ್ ತುಂಬುವ ಮುನ್ನ ಹಳೆಯದು ಯಾವ ಜಾತಿಯದೆಂದು ನೋಡಿಕೊಳ್ಳಿ. ಅಮೆರಿಕದ ಸೇನೆ 1980ರ ದಶಕದಿಂದ ಸಿಲಿಕೋನ್ ಆಯಿಲ್ ಬಳಸಿತು, ಅದರ ದರ್ಜೆ ಡಾಟ್ 5. ನಮ್ಮ ಪೇಟೆಯ ಡಾಟ್ 3, ಡಾಟ್ 4 ಗ್ಲೈಕಾಲ್ ಜಾತಿಯವು, ಇವೆರಡನ್ನು ಬೆರೆಸುವಂತಿಲ್ಲ. ಗಾಜಿನ ಲೋಟದಲ್ಲಿ ನೀರಿಗೆ ಒಂದಿಷ್ಟು ಹಳೆಯ ಆಯಿಲ್ ಹಾಕಿ ಕಲಕಿದರೆ ಗ್ಲೈಕಾಲ್ ಕರಗಿಹೋಗುತ್ತದೆ, ಸಿಲಿಕೋನ್ ಬೇರೆಯಾಗಿ ನಿಲ್ಲುತ್ತದೆ. ಹೇಗಿದ್ದರೂ ಎಲ್ಲ ರಬ್ಬರನ್ನು ಬದಲಿಸಿ, ಪೈಪುಗಳನ್ನು ಸ್ಪಿರಿಟ್‌ನಿಂದ ತೊಳೆದು, ಡಾಟ್ 4 ತುಂಬುವುದು ಒಳ್ಳೆಯದು. ಡಾಟ್ 3ರ ಕುದಿಬಿಂದು ಹೊಸದಿದ್ದಾಗ ಕನಿಷ್ಠ 205 ಡಿಗ್ರಿ, ಡಾಟ್ 4ರದು 230. ತೇವ ಹೀರಿಕೊಂಡ ಮೇಲೆ ಅವು 140 ಮತ್ತು 155ಕ್ಕೆ ಇಳಿಯುತ್ತವೆ. ನಮ್ಮ ಮೇ ತಿಂಗಳ ಬಿಸಿಲಿನಲ್ಲಿ ಭಾರ ಹೊತ್ತು ಇಳಿಜಾರು ಇಳಿಯುವ ಗಾಡಿಗೆ ಆ ಅಂತರ ಬೇಕಾದದ್ದೇ. ರಬ್ಬರ್ ಭಾಗಗಳನ್ನು ಡೀಸೆಲ್, ಪೆಟ್ರೋಲ್‌ನಲ್ಲಿ ತೊಳೆಯಲು ಯಾರಿಗೂ ಬಿಡಬೇಡಿ, ಅವು ಉಬ್ಬಿ ಹಾಳಾಗುತ್ತವೆ.

ಟೀ ಹಾಕುವ ಸಲಹೆಯನ್ನು ನೀವು ಒಪ್ಪದಿದ್ದುದು ಸರಿ. ಹಳೆಯ ಜೀಪಿನಲ್ಲಿ ನಾಲ್ಕೂ ಗಾಲಿಗಳಿಗೆ ಒಂದೇ ಸರ್ಕ್ಯೂಟ್ ಇರುತ್ತದೆ. ಟ್ರೇಲರ್‌ನ ಪೈಪ್ ಒಂದು ಕಲ್ಲಿಗೆ ತಗಲಿ ಹರಿದರೆ ಟ್ರೇಲರ್‌ನ ಜೊತೆಗೆ ಜೀಪಿನ ಬ್ರೇಕೂ ಅದೇ ಕ್ಷಣದಲ್ಲಿ ಹೋಗುತ್ತದೆ. ಸಾಲದ್ದಕ್ಕೆ ಜೀಪಿನ ಮಾಸ್ಟರ್ ಸಿಲಿಂಡರ್ ನಾಲ್ಕು ಗಾಲಿಗಳಿಗೆ ಬೇಕಾದಷ್ಟೇ ಆಯಿಲ್ ತಳ್ಳುತ್ತದೆ. ಆರು ಗಾಲಿಗಳಿಗೆ ಹಂಚಿದರೆ ಪೆಡಲ್ ನೆಲ ಮುಟ್ಟುತ್ತದೆ. ಬ್ರೇಕನ್ನೇ ತೆಗೆದುಹಾಕುವ ಮಾತಿಗೆ ಉತ್ತರ ಕೊಡುವ ಅಗತ್ಯ ಕಾಣುವುದಿಲ್ಲ.

ಉತ್ತರ: ಆಳಂದದ ಜೀಪು

ಇಬ್ಬರಿಗೂ ಶರಣು. ಅಳತೆಗಳು ಹೀಗಿವೆ. ವೀಲ್ ಸಿಲಿಂಡರ್ ಎರಡೂ ಒಂದು ಇಂಚಿನವು, ಎಡಗಡೆಯದರ ವಾಷರಿನ ಮೇಲೆ ಅಚ್ಚು ಸ್ಪಷ್ಟವಾಗಿದೆ. ಲೈನರಿನ ಅಗಲ ಎರಡೂಕಾಲು ಇಂಚು. ಗಾಲಿ ಬೋಲ್ಟು ಐದು, ಲೆಕ್ಕ ಹಾಕಿದರೆ ವೃತ್ತದ ವ್ಯಾಸ 139.7ರ ಹತ್ತಿರವೇ ಬರುತ್ತದೆ. ಎಡಗಡೆಯ ಡ್ರಮ್ 254.6ರಿಂದ 254.8 ಮಿ.ಮೀ. ಇದೆ. ಬಲಗಡೆಯದು ಒಂದು ಕಡೆ 255.4, ಇನ್ನೊಂದು ಕಡೆ 256.3 ತೋರಿಸುತ್ತದೆ, ಒಳಗೆ ಗೀರುಗಳೂ ಇವೆ. ಬಣ್ಣ ಉಜ್ಜಿದಾಗ ಬಾಣದ ಗುರುತು ಕಂಡಿತು, ಅಂಕಿಗಳ ಮೇಲೆ ತುಕ್ಕು ತಿಂದಿದೆ. ಮೂತಿಯ ಲಾಕ್ ಇದೆ, ಕೆಲಸ ಮಾಡುತ್ತದೆ. ಜಾರುವ ದಂಡ ಮಾತ್ರ ಅಲುಗುವುದಿಲ್ಲ.

ಬಲಗಡೆಯ ಡ್ರಮ್ಮನ್ನು ಟರ್ನ್ ಮಾಡಿಸಿ ಬಳಸಬಹುದೇ?

ಉತ್ತರ: ನೌಬಾದ್ ಲೇತ್, ಬೀದರ್

ಬಳಸಬಾರದು. ಮೂಲ ಅಳತೆ ಹತ್ತು ಇಂಚು, ಅಂದರೆ 254 ಮಿ.ಮೀ. ಈ ಗಾತ್ರದ ಡ್ರಮ್ಮನ್ನು ಮೂಲಕ್ಕಿಂತ ಸುಮಾರು ಒಂದೂವರೆ ಮಿ.ಮೀ.ಗಿಂತ ಹೆಚ್ಚು ದೊಡ್ಡದು ಮಾಡುವುದಿಲ್ಲ ಎಂಬುದು ನಮ್ಮಲ್ಲಿ ನಡೆದುಬಂದ ಮಿತಿ. ನಿಮ್ಮ ಬಲಗಡೆಯದು ಟರ್ನ್ ಮಾಡುವ ಮೊದಲೇ ಅದನ್ನು ದಾಟಿದೆ. ಗೀರು ಹೋಗುವವರೆಗೆ ಕೆತ್ತಿದರೆ ಗೋಡೆ ತೆಳುವಾಗಿ, ಬಿಸಿಯಾದಾಗ ಹಿಗ್ಗಿ, ಕೊನೆಗೊಮ್ಮೆ ಬಿರುಕು ಬಿಡುತ್ತದೆ. ಬೀಡು ಕಬ್ಬಿಣದ ಡ್ರಮ್ಮಿನ ಒಳಗೆ ವೆಲ್ಡಿಂಗ್ ತುಂಬಿಸಿ ಟರ್ನ್ ಮಾಡಿಕೊಡುತ್ತೇವೆ ಎನ್ನುವವರ ಬಳಿ ನಿಲ್ಲಲೂ ಬೇಡಿ.

ಎಡಗಡೆಯದಕ್ಕೆ ಸಣ್ಣ ಕಟ್ ಕೊಟ್ಟರೆ ಸಾಕು, 255ರ ಒಳಗೇ ಶುದ್ಧವಾಗುತ್ತದೆ. ಬಲಗಡೆಗೆ ಬೇರೆ ಡ್ರಮ್ ಬೇಕು. ಹಳೆಯ ಡ್ರಮ್ಮನ್ನೇ ಹೊತ್ತುಕೊಂಡು ಸಿಕಂದರಾಬಾದಿನ ಬಿಡಿಭಾಗಗಳ ಪೇಟೆಯಾದ ರಾಣಿಗಂಜಿಗೆ ಹೋಗಿ. ಫೋನಿನಲ್ಲಿ ಚಿತ್ರ ಕಳಿಸಿ ಕೇಳಿದರೆ ಯಾರೂ ಗೋದಾಮಿನ ಹಿಂಬದಿಗೆ ಹೋಗಿ ನೋಡುವುದಿಲ್ಲ. ಹೊಂದಿಸುವಾಗ ಒಳವ್ಯಾಸ ಮತ್ತು ಬೋಲ್ಟು ವೃತ್ತ ಕೂಡಿದರೆ ಸಾಲದು. ಹಬ್ ಕೂರುವ ನಡುವಿನ ತೂತು, ಡ್ರಮ್ಮಿನ ಆಳ, ಬ್ಯಾಕ್ ಪ್ಲೇಟಿಗೂ ಡ್ರಮ್ಮಿನ ಅಂಚಿಗೂ ಉಳಿಯುವ ಸಂದು, ಈ ಮೂರನ್ನೂ ನೋಡಬೇಕು. ಆಳ ಕಡಿಮೆಯಾದರೆ ಶೂ ಉಜ್ಜುತ್ತದೆ, ಹೆಚ್ಚಾದರೆ ಲೈನರಿನ ಅರ್ಧವಷ್ಟೇ ಕೆಲಸ ಮಾಡುತ್ತದೆ. ಅಲ್ಲಿ ಸಿಗದಿದ್ದರೆ ಬೆಂಗಳೂರಿನ ಜೆ.ಸಿ. ರಸ್ತೆ ಇದೆ. ಸೇನೆಯ ಹಳೆಯ ಜೀಪುಗಳ ಭಾಗಗಳಿಗೆ ಉತ್ತರದ ಕಡೆ ಹೆಸರಾದ ಊರು ಹರಿಯಾಣದ ಮಂಡಿ ಡಬ್ವಾಲಿ, ಅಲ್ಲಿಂದ ಲಾರಿ ಪಾರ್ಸಲ್ ತರಿಸುವವರಿದ್ದಾರೆ.

ಎಲ್ಲಿಯೂ ಸಿಗದಿದ್ದರೆ ಬೆಳಗಾವಿ ಅಥವಾ ಕೊಲ್ಹಾಪುರದ ಫೌಂಡ್ರಿಯಲ್ಲಿ ಎರಕ ಹೊಯ್ಯಿಸಬಹುದು, ಆದರೆ ಹಳೆಯ ಡ್ರಮ್ಮನ್ನೇ ಅಚ್ಚಾಗಿ ಒತ್ತಬಾರದು. ಬೀಡು ಕಬ್ಬಿಣ ತಣಿಯುವಾಗ ನೂರಕ್ಕೆ ಸುಮಾರು ಒಂದರಷ್ಟು ಕುಗ್ಗುವುದರಿಂದ ಪ್ಯಾಟರ್ನ್ ಅಷ್ಟು ದೊಡ್ಡದಿರಬೇಕು, ಅದರ ಮೇಲೆ ಲೇತಿನಲ್ಲಿ ಕೆತ್ತಲು ದಪ್ಪ ಬಿಡಬೇಕು. ಒಂದೇ ಡ್ರಮ್ಮಿಗೆ ಪ್ಯಾಟರ್ನ್ ಮಾಡಿಸುವ ಖರ್ಚೇ ಹೆಚ್ಚು, ಆದ್ದರಿಂದ ಮಾಡಿಸುವುದಾದರೆ ಜೋಡಿಯಾಗಿ ಮಾಡಿಸಿ.

ಉತ್ತರ: ಸೇಡಂ ರಸ್ತೆ

ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ಒಂದು ಡ್ರಮ್ಮಿಗಾಗಿ ಮೂರು ರಾಜ್ಯ ಸುತ್ತುವ ಬದಲು ಬ್ರೇಕ್ ಸಮೇತ ಒಂದು ಹಳೆಯ ಪಿಕಪ್ ಗಾಡಿಯ ಹಿಂದಿನ ಆಕ್ಸಲ್ ಹಾಕಿಬಿಟ್ಟರೆ ಮುಂದೆ ಪ್ರತಿಯೊಂದು ಭಾಗವೂ ಮನೆ ಬಾಗಿಲಲ್ಲಿ ಸಿಗುತ್ತದೆ. ಸೇನೆಯ ವಸ್ತು ಎಂಬ ಅಭಿಮಾನ ಬೇರೆ, ಸುಗ್ಗಿಯ ದಿನ ಗಾಡಿ ನಿಂತರೆ ಆಗುವ ನಷ್ಟ ಬೇರೆ.

ಉತ್ತರ: ನಿವೃತ್ತ ಇಎಂಇ, ಸುರಪುರ

ಸೇಡಂ ರಸ್ತೆಯವರ ಮಾತಿನಲ್ಲಿ ಹುರುಳಿಲ್ಲದೆ ಇಲ್ಲ, ಆಕ್ಸಲ್ಲೇ ಬಾಗಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ. ಇಲ್ಲಿ ಕೆಟ್ಟಿರುವುದು ಒಂದು ಡ್ರಮ್. ಆಕ್ಸಲ್ ಬದಲಿಸಿದರೆ ವೀಲ್ ಸಿಲಿಂಡರ್‌ಗಳ ಗಾತ್ರ ಬದಲಾಗುತ್ತದೆ, ಮೂತಿಯಲ್ಲಿರುವ ಸಣ್ಣ ಮಾಸ್ಟರ್ ಸಿಲಿಂಡರ್ ಅವುಗಳಿಗೆ ಬೇಕಾದಷ್ಟು ಆಯಿಲ್ ತಳ್ಳುವಷ್ಟರಲ್ಲಿ ಜಾರುವ ದಂಡದ ಓಟವೇ ಮುಗಿದುಹೋಗಬಹುದು. ಸ್ಪ್ರಿಂಗ್ ಕೂರುವ ಅಂತರವೂ ಬೇರೆಯಾಗಿ ವೆಲ್ಡಿಂಗ್ ಬೇಕಾಗುತ್ತದೆ. ಮೊದಲು ರಾಣಿಗಂಜ್ ನೋಡಿ ಬನ್ನಿ.

ಇನ್ನೊಂದು ಮಾತು, ಕೇಳದಿದ್ದರೂ ಹೇಳುತ್ತೇನೆ. ಸಾವಿರ ಲೀಟರ್ ನೀರಿನ ತೂಕವೇ ಒಂದು ಟನ್, ಟ್ಯಾಂಕಿನ ತೂಕ ಅದರ ಮೇಲೆ. ಅರ್ಧ ತುಂಬಿದರೆ ನೀರು ಮುಂದಕ್ಕೆ ಹಿಂದಕ್ಕೆ ತುಯ್ದಾಡಿ ಓವರ್‌ರನ್ ಬ್ರೇಕನ್ನು ಕೆಣಕುತ್ತಲೇ ಇರುತ್ತದೆ. 750 ಲೀಟರಿನ ಟ್ಯಾಂಕನ್ನು ಪೂರ್ತಿ ತುಂಬಿ ಒಯ್ಯುವುದು ಲೇಸು.

ಉತ್ತರ: ಆಳಂದದ ಜೀಪು

ರಾಣಿಗಂಜಿಗೇ ಹೋಗುತ್ತೇನೆ. ಜಾರುವ ದಂಡವನ್ನು ಕಪನೂರಿನ ಒಂದು ವರ್ಕ್‌ಶಾಪಿನಲ್ಲಿ ಬಿಚ್ಚಲು ಕೊಟ್ಟಿದ್ದೇನೆ. ಕೊನೆಯದೊಂದು ಸಂದೇಹ: ಪೈಪುಗಳೂ ತುಕ್ಕು ಹಿಡಿದಿವೆ. ತಾಮ್ರದ ಪೈಪ್ ಹಾಕಿಕೊಡುತ್ತೇವೆ, ಬಾಗಿಸಲು ಸುಲಭ ಎನ್ನುತ್ತಾರೆ. ಹಾಕಿಸಬಹುದೇ?

ಉತ್ತರ: ನೌಬಾದ್ ಲೇತ್, ಬೀದರ್

ಶುದ್ಧ ತಾಮ್ರ ಬೇಡ, ಅಲುಗಾಟಕ್ಕೆ ಅದು ಗಡುಸಾಗಿ ಬಿರಿಯುತ್ತದೆ. ಬ್ರೇಕಿಗೆಂದೇ ಮಾಡಿದ 4.75 ಮಿ.ಮೀ. ಉಕ್ಕಿನ ಪೈಪ್ ಅಥವಾ ತಾಮ್ರ-ನಿಕ್ಕಲ್ ಮಿಶ್ರಲೋಹದ ಪೈಪ್ ತನ್ನಿರಿ, ತುದಿಗಳನ್ನು ಡಬಲ್ ಫ್ಲೇರ್ ಮಾಡಿಸಿ (ಅಂಚನ್ನು ಅಗಲಿಸಿ ಎರಡು ಪದರವಾಗಿ ಮಡಚಿಸಿ). ನಟ್ಟಿನ ವಿಷಯದಲ್ಲಿ ಎಚ್ಚರ ಇರಲಿ: ನಿಮ್ಮ ಸಿಲಿಂಡರ್ ಇಂಚಿನದಾದ್ದರಿಂದ ನಟ್ಟು ಬಹುಶಃ ಮೂರು ಎಂಟಾಂಶ ಇಂಚಿನ, ಇಂಚಿಗೆ 24 ಎಳೆಗಳಿರುವಂಥದ್ದು. ಈಗಿನ ಅಂಗಡಿಗಳಲ್ಲಿ ಕೈಗೆ ಸಿಗುವುದು 10 ಮಿ.ಮೀ., ಒಂದು ಮಿ.ಮೀ. ಅಂತರದ ಎಳೆ. ಇಂಚಿನ ನಟ್ಟು ಮೆಟ್ರಿಕ್ ತೂತಿನಲ್ಲಿ ಸಡಿಲವಾಗಿ ಹೋಗಿ ಬಿಗಿದಂತೆ ಕಾಣುತ್ತದೆ, ಒತ್ತಡ ಬಿದ್ದ ದಿನ ಎಳೆ ಕಿತ್ತುಕೊಂಡು ಬರುತ್ತದೆ. ಹೊಸ ರಬ್ಬರ್ ಹೋಸ್ ತರುವಾಗ ಹಳೆಯ ನಟ್ಟನ್ನು ಜೇಬಿನಲ್ಲಿಟ್ಟುಕೊಂಡು ಹೋಗಿ, ಅಂಗಡಿಯಲ್ಲೇ ಕೈಯಿಂದ ತಿರುಗಿಸಿ ನೋಡಿ ತನ್ನಿರಿ.

ಜೋಡಿಸಿದ ಮೇಲೆ ಮೊದಲು ಗಾಲಿಯಲ್ಲಿ ಶೂ ಸೆಟ್ಟಿಂಗ್ ಮಾಡಿ, ಪೈಪಿನೊಳಗೆ ಸಿಕ್ಕಿದ ಏರ್ ತೆಗೆದು, ಕಡೆಯಲ್ಲಿ ಹ್ಯಾಂಡ್ ಬ್ರೇಕ್ ತಂತಿಯನ್ನು ಬಿಗಿಸಬೇಕು. ಶೂಗಳ ಸವೆತವನ್ನು ತಂತಿ ಬಿಗಿಸಿ ಮುಚ್ಚುವ ರೂಢಿ ನಮ್ಮಲ್ಲಿ ಬಹಳ ಇದೆ, ಅದಕ್ಕೆ ಆಸ್ಪದ ಕೊಡಬೇಡಿ. ಬ್ಯಾಕ್ ಪ್ಲೇಟಿನ ನೋಡುವ ತೂತುಗಳಿಗೆ ರಬ್ಬರ್ ಬಿರಡೆ ಹಾಕಿಸಿ, ಇಲ್ಲವಾದರೆ ಮಳೆಗಾಲದಲ್ಲಿ ಎರೆಮಣ್ಣು ಒಳಗೆ ಹೊಕ್ಕು ಹೊಸ ಲೈನರನ್ನು ಒಂದೇ ಹಂಗಾಮಿನಲ್ಲಿ ತಿನ್ನುತ್ತದೆ. ಖಾಲಿ ಟ್ರೇಲರ್‌ನೊಂದಿಗೆ ಸಮತಟ್ಟಾದ ರಸ್ತೆಯಲ್ಲಿ ಕೆಲವು ಕಿ.ಮೀ. ಓಡಿಸಿ, ಆಗಾಗ ಬ್ರೇಕ್ ಹಿಡಿದು, ಇಳಿದು ಎರಡೂ ಡ್ರಮ್ಮುಗಳ ಹತ್ತಿರ ಕೈ ಒಯ್ದು ನೋಡಿ. ಬಿಸಿ ಎರಡರಲ್ಲೂ ಒಂದೇ ಸಮ ಇದ್ದರೆ ಮಾತ್ರ ಮುಂದಿನ ಸಲ ಅರ್ಧ ಭಾರ ಹೇರಿ, ಅದಾದ ಮೇಲೆ ಪೂರ್ತಿ. ಕಮಲಾಪುರದ ಕಡೆಯ ಇಳಿಜಾರಿಗೆ ಇಷ್ಟೆಲ್ಲ ಮುಗಿಯುವವರೆಗೆ ಒಯ್ಯಬೇಡಿ.